ಹಲ್ಲುನೋವಿಗೂ ಸರ್ಕಾರಿ ಚಿಕಿತ್ಸೆ ಇದೆ, ಅದಕ್ಕೆ ಕಾರ್ಡು ಬೇಕಿಲ್ಲ

ಆಯುಷ್ಮಾನ್ ಕಾರ್ಡಿನ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆಗಳು ಜೊತೆಜೊತೆಗೇ ಬೆಳೆದಿವೆ. ಐದು ಲಕ್ಷ ರೂಪಾಯಿಯ ಕಾರ್ಡು ಇದೆಯಲ್ಲ, ಹಲ್ಲುನೋವೂ ಅದರಲ್ಲೇ ವಾಸಿಯಾಗುತ್ತದೆ ಎಂಬುದು ಒಂದು. ಕಾರ್ಡು ಹಿಡಿದು ಖಾಸಗಿ ದಂತ ಚಿಕಿತ್ಸಾಲಯಕ್ಕೆ ಹೋಗಿ, ‘ಇದು ಇಲ್ಲಿ ನಡೆಯುವುದಿಲ್ಲ’ ಎಂದು ಹೇಳಿಸಿಕೊಂಡು ಬಂದ ಮೇಲೆ ಹುಟ್ಟುವುದು ಇನ್ನೊಂದು: ಹಾಗಾದರೆ ಬಡವರ ಹಲ್ಲಿಗೆ ಸರ್ಕಾರದಲ್ಲಿ ಏನೂ ಇಲ್ಲ. ಎರಡೂ ತಪ್ಪು, ಆದರೆ ಹೆಚ್ಚು ಕೆಡುಕು ಮಾಡುವುದು ಎರಡನೆಯದು. ಅದನ್ನು ನಂಬಿದವರು ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ದೂಡುತ್ತಾರೆ, ಇಲ್ಲವೇ ಕೈಸಾಲ ಮಾಡುತ್ತಾರೆ. ಕೂಗಳತೆಯಲ್ಲಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರೊಬ್ಬರು ಕೂತಿರುತ್ತಾರೆ ಎಂಬುದು ಅವರ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಕಾರ್ಡಿನ ವಿಷಯ. 2018ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲಿ ಆರಂಭವಾಗಿ, ನಮ್ಮ ರಾಜ್ಯದಲ್ಲಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂಬ ಹೆಸರಿನಲ್ಲಿ ಜಾರಿಗೆ ಬಂದು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತಿರುವ ಈ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಬೇಕಾದ ಕಾಯಿಲೆಗಳಿಗೆ ರೂಪಿಸಿದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷ ರೂಪಾಯಿ ಮೀರದಂತೆ. ಹುಳುಕು ತುಂಬಿಸುವುದು, ರೂಟ್ ಕೆನಾಲ್, ವಸಡಿನ ಕಾಯಿಲೆ, ಇಂಪ್ಲಾಂಟ್ ಇವೆಲ್ಲ ಹೊರಗೆ ಎಂದು ರಾಷ್ಟ್ರೀಯ ಯೋಜನೆಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ಸಾಲಿನಲ್ಲಿ ಒಂದು ವಿನಾಯಿತಿಯೂ ಇದೆ: ಪೆಟ್ಟು, ಗಡ್ಡೆ, ನೀರುಗಂಟು ಇಂಥ ಕಾರಣದಿಂದ ದವಡೆಯ ಮೂಳೆಗೆ ಚಿಕಿತ್ಸೆ ಬೇಕಾಗಿ ದಾಖಲಾದರೆ ಅದು ಯೋಜನೆಯ ಒಳಗೆ ಬರುತ್ತದೆ. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಎಂಬ ಪ್ರತ್ಯೇಕ ವಿಭಾಗವೇ ಪ್ಯಾಕೇಜ್ ಪಟ್ಟಿಯಲ್ಲಿದೆ. ಆದ್ದರಿಂದ ‘ಕಾರ್ಡಿನಲ್ಲಿ ಹಲ್ಲು ಬರುವುದೇ ಇಲ್ಲ’ ಎಂಬ ಮಾತು ಅರ್ಧ ಸತ್ಯ. ಹಲ್ಲು ಬರುವುದಿಲ್ಲ, ದವಡೆ ಬರುತ್ತದೆ.

ಇಲ್ಲಿ ನನ್ನ ತಕರಾರೂ ಇದೆ. ಹುಳುಕು ಹಲ್ಲು ಒಂದೇ ರಾತ್ರಿಯಲ್ಲಿ ತುರ್ತು ಸ್ಥಿತಿಗೆ ಬರುವುದಿಲ್ಲ. ಮೊದಲು ತಣ್ಣೀರಿಗೆ ಜುಮ್ಮೆನ್ನುತ್ತದೆ, ಆಮೇಲೆ ರಾತ್ರಿ ಮಲಗಿದಾಗ ಮಿಡಿಯುತ್ತದೆ, ಆಮೇಲೊಂದು ದಿನ ನೋವು ಥಟ್ಟನೆ ನಿಂತುಹೋಗುತ್ತದೆ. ವಾಸಿಯಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಹಲ್ಲಿನೊಳಗಿನ ನರ ಸತ್ತಿರುವ ಲಕ್ಷಣ. ಸೋಂಕು ಬೇರಿನ ತುದಿ ದಾಟಿ ಮೂಳೆಗೆ ಇಳಿಯುತ್ತದೆ, ಕೀವು ಕಟ್ಟುತ್ತದೆ, ಕೆನ್ನೆ ಊದುತ್ತದೆ. ಮೊದಲ ಹಂತದಲ್ಲಿ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ವಿಮೆಯ ಹಣವಿಲ್ಲ, ಕೊನೆಯ ಹಂತದಲ್ಲಿ ದಾಖಲಾಗಿ ಕೊಯ್ಯಬೇಕಾದಾಗ ಅದು ಸಿಗಬಹುದು. ಈ ಕೊರತೆಯನ್ನು ತುಂಬಲು ಇರುವುದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ. ಅಲ್ಲಿಗೆ ಕಾರ್ಡು ಬೇಕಿಲ್ಲ, ಚೀಟಿ ಮಾಡಿಸಿದರೆ ಸಾಕು.

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ಆರೋಗ್ಯಾಧಿಕಾರಿಯ ಹುದ್ದೆ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. 2014–15ರಲ್ಲಿ ಶುರುವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದ ಉದ್ದೇಶವೇ ಜಿಲ್ಲಾ ಮಟ್ಟ ಮತ್ತು ಅದರ ಕೆಳಗಿನ ಆಸ್ಪತ್ರೆಗಳ ದಂತ ಘಟಕಗಳನ್ನು ಬಲಪಡಿಸುವುದು. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಮಹಾವಿದ್ಯಾಲಯವಿದೆ, ಬಳ್ಳಾರಿಯಲ್ಲಿ ಇನ್ನೊಂದಿದೆ. ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿಗಳಲ್ಲಿ ದುಡಿಯುವವರು ಮರೆಯುವ ಹಾದಿ ಇಎಸ್ಐ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯಿಸುವ ಈ ವಿಮೆಗೆ ಕಾರ್ಮಿಕರು ಸಂಬಳದ ಶೇ 0.75 ಕಟ್ಟಿರುತ್ತಾರೆ, ಮಾಲೀಕರು ಶೇ 3.25 ಕಟ್ಟಿರುತ್ತಾರೆ. ಆಯುಷ್ಮಾನ್ ಕಾರ್ಡಿನ ಹಾಗಲ್ಲ ಇದು. ಹೊರರೋಗಿ ಚಿಕಿತ್ಸೆಯೂ ಇದರಲ್ಲಿ ಸೇರಿದೆ, ಹಲ್ಲಿನ ಚಿಕಿತ್ಸೆಯೂ ಸೇರಿದೆ, ಮನೆಯವರಿಗೂ ಅನ್ವಯಿಸುತ್ತದೆ. ಕಲಬುರಗಿಯಲ್ಲಿ ಇಎಸ್ಐ ನಿಗಮದ್ದೇ ದಂತ ಕಾಲೇಜು ಇದೆ. ತಿಂಗಳು ತಿಂಗಳೂ ದುಡ್ಡು ಕಟ್ಟಿ, ಹಲ್ಲು ನೋವು ಬಂದಾಗ ಮಾತ್ರ ಪಕ್ಕದ ಕ್ಲಿನಿಕ್ಕಿಗೆ ಜೇಬಿನಿಂದ ಕೊಡುವುದು ತಮ್ಮದೇ ಹಕ್ಕನ್ನು ಬಿಟ್ಟುಕೊಟ್ಟಂತೆ.

‘ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲು ಕೀಳುವುದು ಬಿಟ್ಟು ಬೇರೇನೂ ಮಾಡುವುದಿಲ್ಲ’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಊರುಗಳಲ್ಲಿ ಎಕ್ಸ್‌ರೇ ಕೆಟ್ಟಿರಬಹುದು, ತುಂಬುವ ಸಾಮಗ್ರಿ ಮುಗಿದಿರಬಹುದು, ವೈದ್ಯರ ಹುದ್ದೆಯೇ ಖಾಲಿ ಇರಬಹುದು. ಆದರೆ ತುರ್ತಿನ ಮಾತು ಬೇರೆ. ನೋವಿನಿಂದ ನಿದ್ದೆಗೆಟ್ಟವರಿಗೆ ಆ ಹೊತ್ತಿಗೆ ಬೇಕಾದದ್ದು ಸೋಂಕಿನ ಮೂಲವನ್ನು ತೆಗೆಯುವ ಕೆಲಸ: ಹಲ್ಲನ್ನು ತೆರೆದು ಒತ್ತಡ ಇಳಿಸುವುದು, ಕೀವು ಬಸಿಯುವುದು, ಉಳಿಯದ ಹಲ್ಲಾದರೆ ಕೀಳುವುದು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಹಲ್ಲು ಉಳಿಸಿಕೊಳ್ಳಬೇಕೆಂದರೆ ನೋವು ಇಳಿದ ಮೇಲೆ ಚೀಟಿ ಬರೆಸಿಕೊಂಡು ಜಿಲ್ಲಾಸ್ಪತ್ರೆಗೋ ದಂತ ಕಾಲೇಜಿಗೋ ಹೋಗಬಹುದು. ‘ಕೀಳಬೇಡಿ, ಉಳಿಸಲು ಆಗುತ್ತದೆಯೇ ನೋಡಿ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಹೇಳಿ’ ಎಂದು ಕೇಳುವುದು ರೋಗಿಯ ಹಕ್ಕು. ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯ ನಮ್ಮದು. ಅವುಗಳಲ್ಲಿ ಬಹುಪಾಲು ಖಾಸಗಿ, ಆದರೂ ಕಲಿಸಲು ರೋಗಿಗಳು ಬೇಕಾದ್ದರಿಂದ ಅಲ್ಲಿನ ದರ ಸಾಮಾನ್ಯವಾಗಿ ಪೇಟೆಯ ಕ್ಲಿನಿಕ್ಕಿಗಿಂತ ಕಡಿಮೆ. ಬಿಪಿಎಲ್ ಹಿರಿಯರಿಗೆ ಪೂರ್ತಿ ಹಲ್ಲಿನ ಸೆಟ್ ಉಚಿತವಾಗಿ ಕೊಡುವ ದಂತ ಭಾಗ್ಯ ಯೋಜನೆ ನಡೆದಿರುವುದೂ ದಂತ ಕಾಲೇಜುಗಳ ಮೂಲಕವೇ. ‘ಅಲ್ಲಿ ಹುಡುಗರು ನಮ್ಮ ಬಾಯಲ್ಲಿ ಕಲಿಯುತ್ತಾರೆ’ ಎಂಬ ಭಯ ಅರ್ಥವಾಗುವಂಥದ್ದು. ವಿದ್ಯಾರ್ಥಿಗಳು ಕೈ ಹಾಕುವುದು ನಿಜ, ಹೆಚ್ಚು ಹೊತ್ತು ಹಿಡಿಯುವುದೂ ನಿಜ. ಆದರೆ ಅವರ ಕೆಲಸವನ್ನು ಹಂತ ಹಂತವಾಗಿ ಪರೀಕ್ಷಿಸುವ ಅಧ್ಯಾಪಕರು ಪಕ್ಕದಲ್ಲೇ ಇರುತ್ತಾರೆ, ಕಷ್ಟದ ಹಲ್ಲನ್ನು ಸ್ನಾತಕೋತ್ತರ ವಿಭಾಗಕ್ಕೆ ಕಳಿಸುತ್ತಾರೆ.

ಮಾತ್ರೆಯ ನಂಬಿಕೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಆ್ಯಂಟಿಬಯಾಟಿಕ್ ನುಂಗಿದರೆ ಹಲ್ಲುನೋವು ಹೋಗುತ್ತದೆ ಎಂದು ಓದಿದವರೂ ನಂಬುತ್ತಾರೆ. ಹಲ್ಲಿನೊಳಗೆ ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದ ಜಾಗಕ್ಕೆ ಔಷಧಿ ಸಾಕಷ್ಟು ಮುಟ್ಟುವುದಿಲ್ಲ. ಆದ್ದರಿಂದಲೇ ಊತ, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ಬೇಡ ಎಂದು ಅಮೆರಿಕದ ದಂತ ವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿತು. ನೋವು ತಡೆಯಲು ನೋವಿನ ಮಾತ್ರೆ ಸರಿ, ಆಸ್ಪತ್ರೆ ತೆರೆಯುವವರೆಗೆ. ಹೊಗೆಸೊಪ್ಪನ್ನೋ ಆಸ್ಪಿರಿನ್ ಮಾತ್ರೆಯನ್ನೋ ಹಲ್ಲಿನ ಸಂದಿಗೆ ಇಡುವುದು ಮಾತ್ರ ಬೇಡವೇ ಬೇಡ, ಆಸ್ಪಿರಿನ್ ವಸಡನ್ನೇ ಸುಡುತ್ತದೆ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಹೋಗುತ್ತದೆ ಎಂಬ ಭಯದಿಂದ ಮುಂದೂಡುವವರೂ ಇದ್ದಾರೆ. ಕಣ್ಣಿನ ದೃಷ್ಟಿನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಮೇಲಿನ ಹಲ್ಲಿನ ಕೀವನ್ನು ಹಾಗೇ ಬಿಟ್ಟರೆ ಸೋಂಕು ಕಣ್ಣಿನ ಸುತ್ತ ಹಬ್ಬಬಹುದು, ಅಪಾಯ ಇರುವುದು ಅಲ್ಲಿ.

ಸರ್ಕಾರಿ ದಂತ ವಿಭಾಗ ರಾತ್ರಿ ಮುಚ್ಚಿರುತ್ತದೆ, ಆಗೇನು ಮಾಡುವುದು? ಬರೀ ನೋವಾದರೆ ಬೆಳಗಿನವರೆಗೆ ಕಾಯಬಹುದು. ಕೆಳದವಡೆಯ ಅಡಿ ಗಟ್ಟಿಯಾಗಿ ಊದಿದ್ದರೆ, ನಾಲಿಗೆ ಮೇಲೆದ್ದಿದ್ದರೆ, ಎಂಜಲು ನುಂಗಲಾಗದಿದ್ದರೆ, ಬಾಯಿ ತೆರೆಯಲಾಗದೆ ಜ್ವರ ಬಂದಿದ್ದರೆ, ಉಸಿರು ಕಟ್ಟುತ್ತಿದ್ದರೆ ಕಾಯುವಂತಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಂತೂ ಸೋಂಕು ಬೇಗ ಹರಡುತ್ತದೆ. ಇಂಥ ಸ್ಥಿತಿಯಲ್ಲಿ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಅಲೆಯದೆ 108ಕ್ಕೆ ಕರೆ ಮಾಡಿ, ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ತುರ್ತು ವಿಭಾಗ ಸೇರಬೇಕು. ಕಾರ್ಡನ್ನು ಹೊರತೆಗೆಯಬೇಕಾದದ್ದು ಈಗ. ತುರ್ತು ಇದ್ದಾಗ ರೆಫರಲ್ ಚೀಟಿ ಇಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು. ದಾಖಲಾದ ದಿನವೇ, ಯೋಜನೆಯ ನೆರವಿಗೆಂದು ಅಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ಮಾಡುವ ಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆ ಎಂದು ಕೇಳಿಕೊಳ್ಳಬೇಕು, ಬಿಲ್ ಆದಮೇಲೆ ಕೇಳಿದರೆ ಕಷ್ಟ.

ಬೈಕಿನಿಂದ ಬಿದ್ದು ದವಡೆ ಮುರಿದವರಿಗೆ ಕಾರ್ಡಿನ ಜೊತೆಗೆ ಇನ್ನೊಂದು ಹಾದಿಯಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಆಟವಾಡುವಾಗ ಮಗುವಿನ ಶಾಶ್ವತ ಹಲ್ಲು ಬೇರು ಸಮೇತ ಬಿದ್ದರೆ ದುಡ್ಡಿಗಿಂತ ಗಡಿಯಾರ ಮುಖ್ಯ. ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಿದ್ದರೆ ನೀರಿನಲ್ಲಿ ಒಂದು ಕ್ಷಣ ತೊಳೆದು, ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿಟ್ಟು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ದಂತ ವೈದ್ಯರನ್ನು ತಲುಪಬೇಕು. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು.

ಉಳಿದಿರುವ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು: ಚಿಕಿತ್ಸೆ ಉಚಿತವಾದರೂ ಕೂಲಿ ಹೋಗುತ್ತದಲ್ಲ. ಸರದಿಯಲ್ಲಿ ಒಂದು ದಿನ, ಎಕ್ಸ್‌ರೇಗೆ ಇನ್ನೊಂದು ದಿನ, ರೂಟ್ ಕೆನಾಲಿಗೆ ಮತ್ತೆ ಎರಡು ಮೂರು ಭೇಟಿ. ಇದಕ್ಕೆ ರೋಗಿಯ ಬಳಿ ಉತ್ತರವಿಲ್ಲ, ಇಲಾಖೆಯ ಬಳಿ ಇರಬೇಕು. ಖಾಸಗಿ ಕ್ಲಿನಿಕ್ಕುಗಳ ರೂಟ್ ಕೆನಾಲನ್ನೂ ಕಾರ್ಡಿಗೆ ಸೇರಿಸಿ ಎಂದು ಕೆಲವರು ಹೇಳುತ್ತಾರೆ. ನಾನು ಅದಕ್ಕಿಂತ ಮೊದಲು ತಾಲ್ಲೂಕು ಆಸ್ಪತ್ರೆಗಳ ಖಾಲಿ ಹುದ್ದೆ ತುಂಬಿಸಿ, ಎಕ್ಸ್‌ರೇ ಯಂತ್ರ ಮತ್ತು ತುಂಬುವ ಸಾಮಗ್ರಿ ತಪ್ಪದೆ ಪೂರೈಸಿ, ವಾರದಲ್ಲಿ ಎರಡು ಸಂಜೆಯಾದರೂ ದಂತ ವಿಭಾಗ ತೆರೆದಿಡಿ ಎನ್ನುತ್ತೇನೆ. ಅಲ್ಲಿಯವರೆಗೆ 104ರ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಹತ್ತಿರದ ಸರ್ಕಾರಿ ದಂತ ವಿಭಾಗ ಎಲ್ಲಿದೆ ಎಂದು ವಿಚಾರಿಸಿಕೊಳ್ಳಬಹುದು. ವೈದ್ಯರಿಲ್ಲ, ಸಾಮಗ್ರಿ ಇಲ್ಲ ಎಂದು ವಾಪಸು ಕಳಿಸಿದರೆ ಅದೇ ಸಂಖ್ಯೆಗೆ ದೂರನ್ನೂ ಕೊಡಬಹುದು.