ನೋಟ ಒಂದೇ, ಬೂಷ್ಟು ಬೇರೆ

ರಾಯದುರ್ಗ, ಮಡಕಶಿರಾ ಸೀಮೆಯ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆಯನ್ನು ಕೆಲವರು ಶೇಂಗಾ ಎನ್ನುವರು, ಕೆಲವರು ಕಡಲೆಕಾಯಿ ಎನ್ನುವರು. ಹೆಸರು ಎರಡು, ಬೆಳೆ ಒಂದು. ಅದರ ಬೀಜದ ಮೇಲೆ ಮೂಡುವ ಹಸಿರು ಬೂಷ್ಟಿನ ಸಂಗತಿ ಇದಕ್ಕೆ ವಿರುದ್ಧವಾದುದು: ನೋಟ ಒಂದು, ಪ್ರಭೇದ ಹಲವು.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ, ಅವುಗಳ ಆಹಾರದಲ್ಲಿದ್ದ ಶೇಂಗಾ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ವಿಷವಿತ್ತು. ಅದೇ ಅಫ್ಲಟಾಕ್ಸಿನ್, ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣವಾಗಬಲ್ಲದು.

ಫ್ಲೇವಸ್‌ಗೆ ಪ್ಯಾರಾಸಿಟಿಕಸ್ ಎಂಬ ದಾಯಾದಿಯುಂಟು. ಬರಿಗಣ್ಣಿಗೆ ಎರಡೂ ಹಸಿರು ಪುಡಿಯೇ. ಸೂಕ್ಷ್ಮದರ್ಶಕದಡಿ ಫ್ಲೇವಸ್‌ನ ಬೀಜಕಗಳು ಬಹುಮಟ್ಟಿಗೆ ನುಣುಪಾಗಿಯೂ ಪ್ಯಾರಾಸಿಟಿಕಸ್‌ನವು ಸ್ಪಷ್ಟವಾಗಿ ಒರಟಾಗಿಯೂ ಕಾಣುತ್ತವೆ. ಫ್ಲೇವಸ್ ಸಾಮಾನ್ಯವಾಗಿ ಬಿ ಗುಂಪಿನ ವಿಷವನ್ನು ಮಾತ್ರ ತಯಾರಿಸಿದರೆ, ಪ್ಯಾರಾಸಿಟಿಕಸ್ ಬಿ ಮತ್ತು ಜಿ ಎರಡನ್ನೂ ತಯಾರಿಸುತ್ತದೆ. ಆಕಾರ ಸಂದೇಹಕ್ಕೆ ಎಡೆಮಾಡಿದಾಗ ವಿಜ್ಞಾನಿಗಳು ಡಿಎನ್‌ಎಯ ಮೊರೆಹೋಗುತ್ತಾರೆ. ಕ್ಯಾಲ್ಮೊಡ್ಯುಲಿನ್ ಎಂಬ ಜೀನಿನ ಅಕ್ಷರಸಾಲನ್ನು ಓದಿ, ಹೋಲಿಸಿ, ಪ್ರಭೇದವನ್ನು ನಿರ್ಧರಿಸುತ್ತಾರೆ.

ಪ್ರಭೇದ ತಿಳಿದರೂ ಪ್ರಶ್ನೆ ಮುಗಿಯದು. ಫ್ಲೇವಸ್‌ಗಳೆಲ್ಲವೂ ವಿಷಕಾರಿಯಲ್ಲ. ವಿಷ ತಯಾರಿಸಲು ಸುಮಾರು 25 ಜೀನುಗಳ ಒಂದು ಗುಚ್ಛ ಬೇಕು. ಕೆಲವು ತಳಿಗಳಲ್ಲಿ ಅದು ಊನಗೊಂಡಿರುತ್ತದೆ. ಜಪಾನಿನಲ್ಲಿ ಸೋಯಾ ಸಾಸ್ ಹುದುಗಿಸುವ ಆಸ್ಪರ್ಜಿಲಸ್ ಒರೈಝೆ ಫ್ಲೇವಸ್‌ನ ಅತಿ ಸಮೀಪದ ಬಂಧು, ಆದರೆ ವಿಷರಹಿತ. ವಿಷವಿಲ್ಲದ ಫ್ಲೇವಸ್ ತಳಿಗಳನ್ನು ಹೊಲದಲ್ಲಿ ಬಿಟ್ಟು, ವಿಷಕಾರಿ ತಳಿಗಳಿಗೆ ಎಡೆಯಿಲ್ಲದಂತೆ ಮಾಡುವ ವಿಧಾನವೂ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅಂತಹ ತಳಿಯನ್ನು ಆರಿಸಲು ಕಣ್ಣು ಸಾಲದು, ಜೀನೇ ಸಾಕ್ಷಿ ಹೇಳಬೇಕು.

ಬರದ ಸೀಮೆಗೆ ಈ ಅರಿವು ಮುಖ್ಯ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಗಿಡದ ರಕ್ಷಣಾಶಕ್ತಿ ಕುಂದಿ, ಬೂಷ್ಟು ನೆಲದಲ್ಲಿಯೇ ಕಾಯನ್ನು ಹೊಗುತ್ತದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಈ ಸಮಸ್ಯೆಯ ಬಗ್ಗೆ ದೀರ್ಘಕಾಲದಿಂದ ಸಂಶೋಧನೆ ನಡೆಸಿದೆ.

ಮನೆಯಲ್ಲಿ ಜೀನು ಓದುವ ಯಂತ್ರವಿಲ್ಲ. ಆದ್ದರಿಂದ ಹಸಿರು ಬೂಷ್ಟೆಲ್ಲವನ್ನೂ ವಿಷವೆಂದೇ ಭಾವಿಸುವುದು ಕ್ಷೇಮ. ಕಾಯನ್ನು ಚೆನ್ನಾಗಿ ಒಣಗಿಸಬೇಕು. ಒಡೆದ, ಸುಕ್ಕಿದ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೆಗೆಯಬೇಕು. ಹುರಿದರೂ ವಿಷ ಪೂರ್ತಿ ಅಳಿಯದು. ಹಾಗೆ ತೆಗೆದುದನ್ನು ಹಸುವಿನ ಮುಂದೆ ಸುರಿಯಲೂ ಬಾರದು. ಹಸು ತಿಂದ ವಿಷ ರೂಪ ಬದಲಿಸಿ ಹಾಲಿಗಿಳಿಯುತ್ತದೆ. ಆ ಹಾಲು ಮಕ್ಕಳ ಲೋಟಕ್ಕೇ ಬರುತ್ತದೆ.