ಹಳೆಯ ಯೆಜ್ಡಿ, ಹೊಸ ಕ್ಲಾಸಿಕ್: ಒಂದು ಸವಾರಿಯ ಪರೀಕ್ಷೆ

ಮೋಟಾರು ಸೈಕಲ್ಲನ್ನು ಕೊಳ್ಳಲು ಹೊರಟವರು ಕೇಳುವ ಮೊದಲನೆಯ ಪ್ರಶ್ನೆ, "ಇದರ ಅಶ್ವಶಕ್ತಿ ಎಷ್ಟು?" ಎಂಬುದು. ಎರಡನೆಯದು, "ಲೀಟರಿಗೆ ಎಷ್ಟು ಕಿಲೋಮೀಟರು ಓಡೀತು?" ಎಂಬುದು. ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. "ಓಡುತ್ತಿರುವ ಈ ಗಾಡಿ ಎಷ್ಟು ದೂರದಲ್ಲಿ ನಿಂತೀತು?" ಈ ಮೂರನೆಯ ಪ್ರಶ್ನೆ ನನಗೆ ಮುಖ್ಯವಾದುದಕ್ಕೆ ಕಾರಣವಿದೆ. ನಾನು ದಿನವೂ ಮೈಸೂರಿನಿಂದ ನಂಜನಗೂಡಿನ ಹೆದ್ದಾರಿಯಲ್ಲಿ ಕಾಲೇಜಿಗೆ ಹೋಗುತ್ತೇನೆ. ಅರ್ಧ ದಾರಿಯವರೆಗೆ ನನ್ನ ಮಗಳು ಹಿಂದಿನ ಆಸನದಲ್ಲಿ ಕುಳಿತಿರುತ್ತಾಳೆ. ಲಾರಿಗಳ ನಡುವೆ ಸಾಗುವ ಆ ದಾರಿಗೆ ನನ್ನ ಹಳೆಯ ಗಾಡಿ ತಕ್ಕುದೇ ಎಂಬ ಸಂದೇಹ ಬಹಳ ದಿನಗಳಿಂದ ಇತ್ತು. ಸಹೋದ್ಯೋಗಿಯೊಬ್ಬರು ತಮ್ಮ ಹೊಸ ಗಾಡಿಯನ್ನು ಒಂದು ಭಾನುವಾರ ಎರವಲು ಕೊಟ್ಟರು. ಸಂದೇಹವನ್ನು ಲೆಕ್ಕಕ್ಕೆ ಇಳಿಸಲು ಅವಕಾಶ ದೊರೆಯಿತು.

ನನ್ನದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಗಾಡಿಗಳು ತಯಾರಾದುವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಯನ್ನು ಚಾಲೂ ಮಾಡಲು ಒದೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿರುವುದು ಇದರ ಒಂದು ಸೋಜಿಗ. ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆ ಕೊಳವೆಗಳು. ಸಹೋದ್ಯೋಗಿಯವರದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. 2021ರಲ್ಲಿ ಹೊರಬಂದ ಹೊಸ ಎಂಜಿನ್ನಿನ ಮಾದರಿ.

ಮೊದಲು ಅಶ್ವಶಕ್ತಿಯನ್ನೇ ನೋಡೋಣ. ಯೆಜ್ಡಿಯದು 16, ಕ್ಲಾಸಿಕ್ಕಿನದು 20.2. ಎರಡನೆಯದೇ ಬಲಶಾಲಿ ಎಂದು ಯಾರಾದರೂ ಹೇಳಿಬಿಡಬಹುದು. ಆದರೆ ಎಂಜಿನ್ನು ತನ್ನ ಗಾಡಿಯನ್ನೂ ಸವಾರನನ್ನೂ ಹೊರಬೇಕಷ್ಟೆ. ಯೆಜ್ಡಿಯ ತೂಕ ಸುಮಾರು 140 ಕಿಲೋಗ್ರಾಂ, ಕ್ಲಾಸಿಕ್ಕಿನದು 195. ನನ್ನ 70 ಕಿಲೋಗ್ರಾಮನ್ನು ಎರಡಕ್ಕೂ ಕೂಡಿಸಿ ಭಾಗಿಸಿದರೆ, ಎರಡು ಗಾಡಿಗಳಲ್ಲಿಯೂ ಕಿಲೋಗ್ರಾಮಿಗೆ ದೊರೆಯುವ ಅಶ್ವಶಕ್ತಿ ಸುಮಾರು 0.076! ಕಾಗದದ ಮೇಲೆ ಇವೆರಡೂ ಸರಿಸಮಾನ. ಆದರೂ ಅವುಗಳ ಮೇಲೆ ಕುಳಿತವನಿಗೆ ಒಂದು ಕುದುರೆಯಂತೆಯೂ ಇನ್ನೊಂದು ಆನೆಯಂತೆಯೂ ತೋರುವುದೇಕೆ?

ಇದಕ್ಕೆ ಉತ್ತರ ಎಂಜಿನ್ನಿನ ಒಳಗಿದೆ. ಕ್ಲಾಸಿಕ್ಕಿನದು 1876ರಲ್ಲಿ ಜರ್ಮನಿಯ ಆಟೋ ರೂಪಿಸಿದ ನಾಲ್ಕು ಹೊಡೆತದ ಕ್ರಮ. ಇಂಧನವನ್ನು ಎಳೆದುಕೊಳ್ಳುವುದು, ಅದುಮುವುದು, ಉರಿಸುವುದು, ಹೊರದೂಡುವುದು. ಈ ನಾಲ್ಕು ಕೆಲಸಗಳಿಗೆ ಅಚ್ಚು ಎರಡು ಸುತ್ತು ತಿರುಗಬೇಕು. ಯೆಜ್ಡಿಯದು ಎರಡು ಹೊಡೆತದ ಎಂಜಿನ್ನು. ಅದರಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ಎರಡೂ ನಿಮಿಷಕ್ಕೆ 3000 ಸುತ್ತು ತಿರುಗುತ್ತಿವೆ ಎನ್ನಿ. ಯೆಜ್ಡಿಯಲ್ಲಿ ಸೆಕೆಂಡಿಗೆ 50 ಸ್ಫೋಟಗಳು, ಕ್ಲಾಸಿಕ್ಕಿನಲ್ಲಿ 25. ಒಂದರ ದನಿ ಗುಂಯ್‌ಗುಡುವುದಕ್ಕೂ ಇನ್ನೊಂದು 'ಡುಗು ಡುಗು' ಎನ್ನುವುದಕ್ಕೂ ಇದೇ ಕಾರಣ. ಕೇವಲ 249 ಘನ ಸೆಂಟಿಮೀಟರಿನ ಯೆಜ್ಡಿ ತನಗಿಂತ ನೂರು ಘನ ಸೆಂಟಿಮೀಟರು ಹಿರಿದಾದ ಎಂಜಿನ್ನಿನ ಸಮೀಪಕ್ಕೆ ಬರುವುದು ಈ ಇಮ್ಮಡಿ ಸ್ಫೋಟಗಳ ಬಲದಿಂದಲೇ.

ಇಮ್ಮಡಿ ಸ್ಫೋಟದಿಂದ ಇಮ್ಮಡಿ ಶಕ್ತಿ ಏಕೆ ಬರಲಿಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಇಂಧನ ಒಳಬರುವ ಕಿಂಡಿಯೂ ಹೊಗೆ ಹೊರಹೋಗುವ ಕಿಂಡಿಯೂ ಕೆಲಕಾಲ ಒಟ್ಟಿಗೇ ತೆರೆದಿರುತ್ತವೆ. ಬಂದ ಇಂಧನದಲ್ಲಿ ಒಂದು ಪಾಲು ಉರಿಯದೆಯೇ ಹಿಂಬಾಗಿಲಿನಿಂದ ಹೊರಟುಹೋಗುತ್ತದೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೂ ಹೊಗೆಯಾಗುತ್ತದೆ. ಆ ನೀಲಿ ಹೊಗೆಯ ವಾಸನೆ ನನಗೆ ಪ್ರಿಯವೆಂಬುದು ಬೇರೆ ಮಾತು. ನನ್ನ ಹಿಂದೆ ಬರುವವರಿಗೆ ಅದು ಪ್ರಿಯವಾಗಿರಲಾರದು.

ಇನ್ನು ತಿರುಗುಬಲ. ಎಂಜಿನಿಯರುಗಳು ಇದನ್ನು ಟಾರ್ಕ್ ಎನ್ನುತ್ತಾರೆ. ಕ್ಲಾಸಿಕ್ಕಿನ ಗರಿಷ್ಠ ತಿರುಗುಬಲ 27 ನ್ಯೂಟನ್-ಮೀಟರು. ಅದು ದೊರೆಯುವುದು ನಿಮಿಷಕ್ಕೆ 4000 ಸುತ್ತಿನಲ್ಲಿ. ಗರಿಷ್ಠ ಅಶ್ವಶಕ್ತಿ ದೊರೆಯುವುದು 6100 ಸುತ್ತಿನಲ್ಲಿ. ಈ ಎರಡು ಏಕಕಾಲದಲ್ಲಿ ಬಾರದಿರುವುದನ್ನು ನೋಡಿ. ಶಕ್ತಿಯೆಂದರೆ ತಿರುಗುಬಲ ಮತ್ತು ಕೋನವೇಗಗಳ ಗುಣಲಬ್ಧ. ಲೆಕ್ಕ ಹಾಕಿದರೆ 4000 ಸುತ್ತಿನಲ್ಲಿ ಶಕ್ತಿ ಸುಮಾರು 15 ಅಶ್ವಶಕ್ತಿ ಮಾತ್ರ. 6100 ಸುತ್ತಿನ ಹೊತ್ತಿಗೆ ತಿರುಗುಬಲ 24ಕ್ಕಿಂತ ಕೆಳಗಿಳಿದಿದ್ದರೂ ವೇಗ ಹೆಚ್ಚಿರುವುದರಿಂದ ಶಕ್ತಿ 20ನ್ನು ದಾಟುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಇದರ ಅರ್ಥ ಚೆನ್ನಾಗಿ ತಿಳಿಯಿತು. ಕ್ಲಾಸಿಕ್ಕು ಮೇಲಿನ ಗೇರಿನಲ್ಲಿಯೇ, ಅವಸರವಿಲ್ಲದೆ, ಗಾಣದ ಎತ್ತಿನಂತೆ ಎಳೆಯಿತು. ಯೆಜ್ಡಿಯನ್ನು ಅದೇ ತಿರುವುಗಳಲ್ಲಿ ಕೆಳಗಿನ ಗೇರಿಗೆ ಇಳಿಸಿ, ಎಂಜಿನ್ನು ಕೂಗುವಂತೆ ಓಡಿಸಬೇಕಾಯಿತು. ಆದರೆ ಶಿಖರ ತಲಪಲು ಎರಡಕ್ಕೂ ಬೇಕಾದ ಸಮಯದಲ್ಲಿ ಹೇಳಿಕೊಳ್ಳುವ ಭೇದ ಕಾಣಲಿಲ್ಲ. 0.076 ಎಂಬ ಅಂಕಿ ತನ್ನ ಮಾತನ್ನು ಉಳಿಸಿಕೊಂಡಿತು.

ನಡುಕದ ವಿಷಯವನ್ನೂ ಹೇಳಬೇಕು. ಯೆಜ್ಡಿಯ ಪಿಸ್ಟನ್ನಿನ ಓಟ 75 ಮಿಲಿಮೀಟರು. ನಿಮಿಷಕ್ಕೆ 4500 ಸುತ್ತಿನಲ್ಲಿ ಅದರ ಗರಿಷ್ಠ ವೇಗೋತ್ಕರ್ಷವನ್ನು ಸರಳ ಸಂಗತ ಚಲನೆಯೆಂದು ಭಾವಿಸಿ ಗುಣಿಸಿದರೆ, ಗುರುತ್ವದ ವೇಗೋತ್ಕರ್ಷದ 850 ಪಟ್ಟು ಬರುತ್ತದೆ! ಅಷ್ಟು ಬಲವಾಗಿ ಮೇಲಕ್ಕೂ ಕೆಳಕ್ಕೂ ಎಸೆಯಲ್ಪಡುವ ಲೋಹದ ತುಂಡು ಗಾಡಿಯನ್ನು ಅಲುಗಿಸದೆ ಬಿಡುವುದೆಂತು? ಹೊಸ ಎಂಜಿನ್ನಿನಲ್ಲಿ ಇದಿರು ದಿಕ್ಕಿಗೆ ತಿರುಗುವ ತೂಕದ ಅಚ್ಚೊಂದಿದ್ದು, ಈ ನಡುಕದ ಬಹುಭಾಗವನ್ನು ಅಳಿಸಿಹಾಕುತ್ತದೆ. ಇದರಿಂದ ಒಂದು ಅಪಾಯವೂ ಉಂಟು. ಕಂಪನವನ್ನೂ ಸದ್ದನ್ನೂ ನಮ್ಮ ಇಂದ್ರಿಯಗಳು ವೇಗವೆಂದೇ ತಿಳಿಯುತ್ತವೆ. ಹೊಸ ಗಾಡಿಯಲ್ಲಿ 50 ಎಂದು ನಾನು ಭಾವಿಸಿದಾಗಲೆಲ್ಲ ಮುಳ್ಳು 60ರ ಮೇಲಿರುತ್ತಿತ್ತು.

ಆದುದರಿಂದ ಪರೀಕ್ಷಿಸುವವನು ತನ್ನ ಅನಿಸಿಕೆಯನ್ನು ಬದಿಗಿಟ್ಟು ಗಡಿಯಾರವನ್ನು ಹಿಡಿಯಬೇಕು. ಜನರಹಿತವಾದ ಸಮತಟ್ಟು ರಸ್ತೆಯಲ್ಲಿ ನಾನು ಮಾಡಿದ ಪ್ರಯೋಗ ಇದು: ಗಾಡಿಯನ್ನು 40 ಕಿ.ಮೀ. ವೇಗಕ್ಕೆ ಒಯ್ದು, ಗೇರನ್ನು ತಟಸ್ಥಕ್ಕೆ ತಂದು, ವೇಗ 20ಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವುದು. ಗಾಳಿಯನ್ನೂ ನೆಲದ ಓರೆಯನ್ನೂ ಸರಿದೂಗಿಸಲು ಎರಡು ದಿಕ್ಕಿನಲ್ಲಿಯೂ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು. ಯೆಜ್ಡಿಗೆ 17 ಸೆಕೆಂಡು, ಕ್ಲಾಸಿಕ್ಕಿಗೆ 19. ಹೊಸ ಗಾಡಿಯ ಬೇರಿಂಗುಗಳು ನಯವಾಗಿವೆ ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ಸಲ್ಲದು. ಗಾಳಿಯ ತಡೆ ಸವಾರನ ಆಕಾರವನ್ನು ಅವಲಂಬಿಸಿದೆ, ಗಾಡಿಯ ತೂಕವನ್ನಲ್ಲ. ಒಂದೇ ಬಲ ಹೆಚ್ಚಿನ ದ್ರವ್ಯರಾಶಿಯನ್ನು ನಿಧಾನವಾಗಿ ತಡೆಯುತ್ತದೆಯೆಂಬ ನ್ಯೂಟನ್ನನ ಎರಡನೆಯ ನಿಯಮವೊಂದರಿಂದಲೇ ಈ ಎರಡು ಸೆಕೆಂಡುಗಳ ಹೆಚ್ಚಿನ ಪಾಲು ವಿವರಿಸಲ್ಪಡುತ್ತದೆ. ವಿದ್ಯಾರ್ಥಿಗಳು ಇದೇ ಪ್ರಯೋಗವನ್ನು ಬೈಸಿಕಲ್ಲಿನಲ್ಲಿ ಮಾಡಿ ನೋಡಬಹುದು.

ತಿರುವುಗಳಲ್ಲಿ ತೂಕದ ಗಾಡಿ ಹೆಚ್ಚು ವಾಲಬೇಕೆಂದು ಅನೇಕರು ನಂಬಿದ್ದಾರೆ. ವಾಲುವ ಕೋನದ ಸ್ಪರ್ಶಕವು ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವಗಳ ಗುಣಲಬ್ಧದಿಂದ ಭಾಗಿಸಿದ್ದಕ್ಕೆ ಸಮ. ಅದರಲ್ಲಿ ದ್ರವ್ಯರಾಶಿಗೆ ಸ್ಥಾನವೇ ಇಲ್ಲ. 25 ಮೀಟರು ತ್ರಿಜ್ಯದ ತಿರುವಿನಲ್ಲಿ 40 ಕಿ.ಮೀ. ವೇಗದಿಂದ ಹೋಗುವ ಯಾವ ಗಾಡಿಯಾದರೂ ಸುಮಾರು 27 ಡಿಗ್ರಿ ವಾಲಬೇಕು. ಹಾಗೆ ವಾಲಿಸಲು ಸವಾರ ಬಲಗಡೆಯ ತಿರುವಿನಲ್ಲಿ ಕೈಹಿಡಿಯನ್ನು ಕ್ಷಣಮಾತ್ರ ಎಡಕ್ಕೆ ತಿರುಗಿಸುತ್ತಾನೆಂಬುದು ಅವನಿಗೇ ತಿಳಿದಿರುವುದಿಲ್ಲ. ಎರಡು ಚಕ್ರದ ಗಾಡಿಯನ್ನು ನಿಲ್ಲಿಸುವುದು ಬುಗುರಿಯ ಗುಣವೇ ಎಂದು ನಮ್ಮ ಹಳೆಯ ಪಠ್ಯಗಳು ಹೇಳುತ್ತಿದ್ದುವು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ, ಬುಗುರಿಯ ಗುಣವನ್ನು ಅಳಿಸಲು ಇದಿರು ತಿರುಗುವ ಚಕ್ರವೊಂದನ್ನು ಬೈಸಿಕಲ್ಲಿಗೆ ಜೋಡಿಸಿ, ಆಗಲೂ ಅದನ್ನು ಓಡಿಸಬಹುದೆಂದು ತೋರಿಸಿದನು. ಆ ಕಥೆಯನ್ನು ಇನ್ನೊಮ್ಮೆ ಹೇಳಬಹುದು.

ಈಗ ಮೂರನೆಯ ಪ್ರಶ್ನೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರು. ಸವಾರನ ಮನಸ್ಸು ಎಚ್ಚೆತ್ತು ಕೈ ಚಲಿಸಲು ಒಂದು ಸೆಕೆಂಡು ಹಿಡಿದರೂ ಅಷ್ಟು ದೂರ ಆಗಲೇ ಕಳೆದುಹೋಯಿತು. ಅನಂತರ ಬ್ರೇಕಿನ ಕೆಲಸ. ಚಕ್ರಗಳ ನಡುವಣ ಅಂತರ 1.4 ಮೀಟರು, ಗುರುತ್ವಕೇಂದ್ರ ಅವುಗಳ ನಟ್ಟನಡುವೆ 0.6 ಮೀಟರು ಎತ್ತರದಲ್ಲಿ, ಟೈರು ಮತ್ತು ಒಣ ರಸ್ತೆಗಳ ಘರ್ಷಣಾಂಕ 0.8 ಎಂದು ಇಟ್ಟುಕೊಳ್ಳೋಣ. ಎರಡೂ ಬ್ರೇಕುಗಳನ್ನು ಪೂರ್ಣವಾಗಿ ಬಳಸಿದರೆ ಗಾಡಿ ನಿಲ್ಲುವುದು ಸುಮಾರು 18 ಮೀಟರಿನಲ್ಲಿ. ಮುಂದಿನದನ್ನು ಮಾತ್ರ ಬಳಸಿದರೆ 23. ಹಿಂದಿನದನ್ನು ಮಾತ್ರ ಬಳಸಿದರೆ 47! ಬ್ರೇಕು ಹಿಡಿದೊಡನೆ ಜಡತ್ವದಿಂದ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಚಕ್ರ ನೆಲವನ್ನು ಒತ್ತುವುದೇ ಕಡಮೆಯಾಗುತ್ತದೆ. ಒತ್ತಡವಿಲ್ಲದಲ್ಲಿ ಘರ್ಷಣೆಯೆಲ್ಲಿ? ಎರಡು ಬ್ರೇಕುಗಳನ್ನೂ ಹಿಡಿದವನು ನಿಂತುಬಿಟ್ಟ ಸ್ಥಳದಲ್ಲಿ, ಹಿಂದಿನದನ್ನು ಮಾತ್ರ ತುಳಿದವನು ಇನ್ನೂ ಗಂಟೆಗೆ 47 ಕಿ.ಮೀ. ವೇಗದಲ್ಲಿರುತ್ತಾನೆ. ಮುಂದಿನ ಬ್ರೇಕು ಬೀಳಿಸುತ್ತದೆಂದು ಅದನ್ನು ಮುಟ್ಟದಿರುವ ಹುಡುಗರನ್ನು ನಾನು ಕಾಲೇಜಿನಲ್ಲಿ ದಿನವೂ ಕಾಣುತ್ತೇನೆ.

ಅವರ ಭಯ ಪೂರ್ತಿ ಸುಳ್ಳಲ್ಲ. ಮುಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗಿದರೆ ಗಾಡಿಯ ಮೇಲಿನ ಹತೋಟಿ ತಪ್ಪುತ್ತದೆ. ನಾನು ಓಡಿಸಿದ ಕ್ಲಾಸಿಕ್ಕಿನಲ್ಲಿ ಈ ಜಾರುವಿಕೆಯನ್ನು ತಡೆಯುವ ಎ.ಬಿ.ಎಸ್. ಎಂಬ ಏರ್ಪಾಡಿದೆ. ಚಕ್ರದ ವೇಗ ಹಠಾತ್ತನೆ ಕುಸಿಯುವುದನ್ನು ಅದು ಗುರುತಿಸಿ, ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಘನ ಸೆಂಟಿಮೀಟರಿಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಇದು ಕಡ್ಡಾಯ. ಯೆಜ್ಡಿಗೆ, ಆ ಕಾಲದ ಗಾಡಿಗಳಿಗೆ ಸಹಜವಾದಂತೆ, ಡ್ರಮ್ಮು ಬ್ರೇಕುಗಳು. 60 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ನನ್ನನ್ನೂ ಸೇರಿಸಿ 29,000 ಜೌಲುಗಳು, ಅಷ್ಟೂ ಶಾಖವಾಗಬೇಕು. ಮುಚ್ಚಿದ ಡಬ್ಬಿಯೊಳಗೆ ಹುಟ್ಟಿದ ಶಾಖ ಬೇಗ ಹೊರಹೋಗದು. ಬ್ರೇಕು ಬಿಸಿಯಾದಂತೆ ಹಿಡಿತ ಕುಗ್ಗುತ್ತದೆ. ಡಿಸ್ಕು ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಬೆಟ್ಟ ಇಳಿಯುವಾಗ ಭೇದ ಸ್ಪಷ್ಟವಾಯಿತು. ಎರಡು ಹೊಡೆತದ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವುದೂ ಅಲ್ಪವೇ.

ಖಾಲಿ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು 40 ಕಿ.ಮೀ. ವೇಗದಿಂದ ಹಲವು ಬಾರಿ ನಿಲ್ಲಿಸಿ ಅಳೆದೆ. ಕ್ಲಾಸಿಕ್ಕು 55 ಕಿಲೋಗ್ರಾಂ ಹೆಚ್ಚು ಭಾರವಾಗಿದ್ದರೂ ಪ್ರತಿ ಸಲವೂ ಯೆಜ್ಡಿಗಿಂತ ಮೂರು ನಾಲ್ಕು ಮೀಟರು ಮೊದಲೇ ನಿಂತಿತು. ಒಂದು ಎಮ್ಮೆ ಅಡ್ಡ ಬಂದರೆ ಮೂರು ಮೀಟರು ಎಂಬುದು ಇಡೀ ಎಮ್ಮೆಯಷ್ಟೇ ದೂರ.

ಯೆಜ್ಡಿಯನ್ನು ಮಾರುವ ಯೋಚನೆ ನನಗಿಲ್ಲ. ಪೇಟೆಯ ಬೀದಿಗಳಲ್ಲಿ ಅದರ ಹಗುರವಾದ ನಡೆಗೆ ಸಾಟಿಯಿಲ್ಲ. ಹೊಸ ಗಾಡಿಗೆ ಬೇಕಾದ ಹಣ ಇನ್ನೂ ಕೂಡಿಲ್ಲ. ಅಲ್ಲಿಯವರೆಗೆ ಮಗಳು ನಂಜನಗೂಡಿನ ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತಾಳೆ.