ಅತ್ತೆಯ ಅವಲಕ್ಕಿ ಡಬ್ಬಿ

ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಾಮಾನು ತುಂಬಿಡುವುದು ನಮ್ಮ ಕೊಡಗಿನ ಹಳೆಯ ರೂಢಿ. ಅಕ್ಕಿ, ಬೇಳೆ, ಉಪ್ಪಿನಕಾಯಿ, ಒಣ ಸೌದೆ ಎಲ್ಲವೂ ಜಡಿಮಳೆಗೆ ಮೊದಲೇ ಮನೆ ಸೇರಬೇಕು.

ನಮ್ಮ ಮನೆ ಹಾರಂಗಿ ಅಣೆಕಟ್ಟೆಯ ಕೆಳಗೆ, ಹೊಳೆಯ ಹತ್ತಿರ. ಈ ಹೊಳೆ ಮುಂದೆ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. 2018ರಲ್ಲಿ ಕುಶಾಲನಗರದ ಸಗಟು ಅಂಗಡಿಯಿಂದ 25 ಕೆ.ಜಿ.ಯ ಎರಡು ಮೂಟೆ ಅಕ್ಕಿ ತಂದು, ‘ಇನ್ನು ಚಿಂತೆಯಿಲ್ಲ’ ಎಂದುಕೊಂಡೆ.

ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು, ಹೊಳೆಗಳು ಉಕ್ಕಿದವು. ಒಂದು ಸಂಜೆ ನೀರು ನಮ್ಮ ಅಂಗಳ ದಾಟಿ ಒಳಗೇ ಬಂತು. ನೆಲದ ಮೇಲಿದ್ದ ಮೂಟೆಗಳನ್ನು ಎತ್ತಲು ಹೋದೆ, ಆಗಲಿಲ್ಲ. ಅತ್ತೆ ಮಾತ್ರ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿ, ಆರು ವರ್ಷದ ನನ್ನ ಮೊಮ್ಮಗಳ ಕೈಗೆ ಕೊಟ್ಟರು. ‘ಇದನ್ನು ಬಿಡಬೇಡ ಮಗಳೇ’ ಎಂದರು.

ಎತ್ತರದಲ್ಲಿದ್ದ ಶಾಲೆಯಲ್ಲಿ ರಾತ್ರಿ ಕಳೆದೆವು. ಅಲ್ಲಿ ಒಲೆ ಹಚ್ಚಲು ಮರುದಿನ ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ನಮ್ಮ ಮಕ್ಕಳ ಜೊತೆ ಪಕ್ಕದ ಮನೆಯ ಮಕ್ಕಳ ಹೊಟ್ಟೆಯನ್ನೂ ತುಂಬಿಸಿದ್ದು ಆ ಡಬ್ಬಿಯ ಅವಲಕ್ಕಿ, ಬೆಲ್ಲ, ಹುರಿಗಡಲೆ.

ಮಕ್ಕಳೇ, ಆಪತ್ತಿನ ಊಟಕ್ಕೆ ಮೂರು ಗುಣ ಇರಬೇಕು: ಬೇಯಿಸದೆ ತಿನ್ನುವಂತಿರಬೇಕು, ನೀರು ಮುಟ್ಟದ ಎತ್ತರದಲ್ಲಿರಬೇಕು, ‘ಹೊರಡಿ’ ಎಂದಾಗ ಕೈಯಲ್ಲಿ ಹಿಡಿದು ಹೊರಡುವಷ್ಟು ಹಗುರವಾಗಿರಬೇಕು. ಜೊತೆಗೆ ಕುಡಿಯುವ ನೀರಿನ ಬಾಟಲಿಯೂ ಬೇಕು.

ಅತ್ತೆ ಈಗಿಲ್ಲ. ಪ್ರತಿ ಮೇ ತಿಂಗಳಲ್ಲಿ ಮೊಮ್ಮಗಳೇ ಡಬ್ಬಿ ಬಿಚ್ಚುತ್ತಾಳೆ. ಹಳೆಯ ಅವಲಕ್ಕಿ ಅಂದು ಬೆಳಿಗ್ಗೆ ಒಗ್ಗರಣೆಯಾಗುತ್ತದೆ. ಹೊಸದನ್ನು ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದು, ಅಟ್ಟಕ್ಕೆ ಏರಿಸುತ್ತಾಳೆ.

ಅಕ್ಕಿಯ ಮೂಟೆಯನ್ನು ಈಗಲೂ ತರುತ್ತೇವೆ. ಆದರೆ ನೆಲದ ಮೇಲೆ ಇಡುವುದಿಲ್ಲ.